ತಾಯಚ್ಚಿನ ಬಳೆಚೂರು

ಹೊತ್ತು ಮುಳುಗಿದ ಮೇಲೂ ಒಂದಿಷ್ಟು ಬಿಸಿಲು ಕೊಡುತ್ತೇವೆ ಎಂದರೆ ಯಾರು ತಾನೇ ಬೇಡವೆಂದಾರು? ಗಾಜಿನ ಕ್ಯಾಂಪಿನ ಸುತ್ತಲಿನ ಊರುಗಳವರೂ ಬೇಡವೆನ್ನಲಿಲ್ಲ. ಗಾಳಿಯೂ ಏರಲಾರದ ಎತ್ತರದಲ್ಲಿ ಕ್ಯಾಂಪಿನವರು ತಾವು ಮಾಡಿದ ಕನ್ನಡಿಗಳನ್ನು ಕೊಕ್ಕರೆಯ ಸಾಲಿನಂತೆ ನಿಲ್ಲಿಸಿದ್ದರು. ಇಲ್ಲಿ ಕತ್ತಲು ಕವಿದಾಗಲೂ ಅಲ್ಲಿಗೆ ಸೂರ್ಯ ಕಾಣುತ್ತಾನೆ. ಆ ಬಿಸಿಲನ್ನು ಹಿಡಿದು ಕೆಳಗಿನ ಹೊಲಗಳ ಮೇಲೆ ಚೆಲ್ಲುವುದು ಆ ಕನ್ನಡಿಗಳ ಕೆಲಸ. ಜನ ಅದನ್ನು ಮರುಬಿಸಿಲು ಎಂದು ಕರೆದರು. ಮರುಬಿಸಿಲಿಗೆ ಜೋಳ ಬೇಗ ತೆನೆಗಟ್ಟಿತು. ಬಿಸಿಲಿನಿಂದ ಕರೆಂಟು ಮಾಡುವ ಹಲಗೆಗಳು ಸಂಜೆ ಕಳೆದ ಮೇಲೂ ದುಡಿದವು. ಹೆಂಗಸರು ದೀಪ ಹಚ್ಚದೆ ಅಡಿಗೆ ಮುಗಿಸಿದರು. ಗೂಡಿಗೆ ಹೋಗುವ ಹೊತ್ತು ಯಾವುದೆಂದು ತಿಳಿಯದೆ ಕೋಳಿಗಳು ಅಂಗಳದಲ್ಲಿ ಪೆಚ್ಚಾಗಿ ನಿಂತವು. ಗೋಧೂಳಿ ಲಗ್ನವನ್ನು ಯಾವಾಗ ಕಟ್ಟಬೇಕೆಂದು ಶಾಸ್ತ್ರ ಬಲ್ಲ ಸ್ವಾಮಿಗಳೂ ತಡವರಿಸಿದರು. ಅಷ್ಟು ಬಿಟ್ಟರೆ ಯಾರಿಗೂ ತಕರಾರಿರಲಿಲ್ಲ.

ತಕರಾರು ಇದ್ದದ್ದು ಕರೆಕಲ್ಲಹಟ್ಟಿಗೆ. ಅದು ಆ ಹೊಲಗಳಿಂದ ಬಡಗಲಿಗೆ, ಒಂದು ಗುಡ್ಡದ ಆಚೆ ಇದ್ದ ಕುರಿಗಾಹಿಗಳ ಹಟ್ಟಿ. ಮರುಬಿಸಿಲನ್ನು ಅವರಿಗೆಂದು ಬಿಟ್ಟದ್ದೇ ಅಲ್ಲ. ಆದರೂ ಅಲ್ಲಿ ಬೀಳತೊಡಗಿತು. ಮೊದಮೊದಲು ಬೆಳದಿಂಗಳಷ್ಟು, ಆಮೇಲೆ ಎಳೆಬಿಸಿಲಿನಷ್ಟು, ಮೇಲೆ ಕನ್ನಡಿಗಳು ಹೆಚ್ಚಾದ ಹಾಗೆ ಮಟಮಟ ಮಧ್ಯಾಹ್ನದಷ್ಟು. ಹಗಲೆಲ್ಲ ಬೆಂದ ನೆಲ ಆರಬೇಕಾದ ಹೊತ್ತಿನಲ್ಲಿ ಮತ್ತೆ ಬೇಯುತ್ತಿತ್ತು. ಹುಲ್ಲು ಹೋಯಿತು. ಮೇಯುತ್ತ ಮೇಯುತ್ತ ತಲೆಯೆತ್ತಿದ ಕುರಿಗಳ ಕಣ್ಣಿಗೆ ಬಿಳಿ ಪೊರೆ ಬಂತು. ಹಟ್ಟಿಯವರು ದೂರು ಕೊಟ್ಟರೆ ಕ್ಯಾಂಪಿನವರು ಬಂದು, ಯಂತ್ರ ಹಿಡಿದು, ನಮ್ಮ ಒಂದೊಂದು ಕನ್ನಡಿಯೂ ಸರಿಯಿದೆ ಎಂದು ಹೇಳಿ ಹೋದರು. ಅದು ಸುಳ್ಳೂ ಆಗಿರಲಿಲ್ಲ. ಕಡೆಗೆ ಹಟ್ಟಿಯನ್ನೇ ಎಬ್ಬಿಸಿ ಕ್ಯಾಂಪಿನ ಅಂಚಿನ ತಗಡಿನ ಶೆಡ್ಡುಗಳಿಗೆ ತಂದು ತುಂಬಿದರು. ಕುರಿಗಳು ಸಂತೆಗೆ ಹೋದವು. ಇನ್ನೆರಡು ಮಳೆಗಾಲ ನೋಡುತ್ತಾರಂತೆ, ಬಿಸಿಲು ಹೀಗೇ ಇದ್ದರೆ ಹಟ್ಟಿಗೆ ಮುಳ್ಳುತಂತಿಯ ಬೇಲಿ ಹಾಕಿ ಯಾರೂ ಕಾಲಿಡದ ಹಾಗೆ ಮಾಡುತ್ತಾರಂತೆ ಎಂಬ ಮಾತು ಹಬ್ಬಿತು.

ಹಟ್ಟಿಯ ಬಾಳವ್ವ ಶೆಡ್ಡಿಗೆ ಹೋಗಲಿಲ್ಲ. ಅವಳ ಮಗ ಯಮನೂರಪ್ಪನಿಗೆ ಕ್ಯಾಂಪಿನಲ್ಲೇ ಕೆಲಸ, ಇರಲು ಕ್ವಾರ್ಟರ್ಸು. ಅಲ್ಲಿಗೆ ಬಂದಳು. ಬಂದದ್ದು ಮಗನ ಮನೆಗೆ, ಸೊಸೆಯ ಮನೆಗಲ್ಲ ಎಂಬುದನ್ನು ಹೊಸ್ತಿಲ ಮೇಲೆ ನಿಂತೇ ಹೇಳಿಬಿಟ್ಟಳು. ಸೊಸೆ ಮಹಾನಂದಾ ನೀರಿನ ತಂಬಿಗೆ ಹಿಡಿದು ನಿಂತಿದ್ದಳು. ಮುದುಕಿ ಆ ತಂಬಿಗೆಯನ್ನು ದಾಟಿಕೊಂಡು ಒಳಗೆ ಹೋದಳು. ತನ್ನದೊಂದು ಮಣ್ಣಿನ ಕೊಡ ತಂದಿದ್ದಳು. ಬೀದಿ ನಲ್ಲಿಯಿಂದ ತಾನೇ ತುಂಬಿಕೊಳ್ಳುವಳು. ಹಿತ್ತಲಲ್ಲಿ ಮೂರು ಕಲ್ಲು ಹೂಡಿ ತನ್ನ ರೊಟ್ಟಿ ತಾನೇ ಬಡಿದುಕೊಳ್ಳುವಳು. ಅವಳ ಎಡಗಣ್ಣು ಕುರಿಗಳ ಕಣ್ಣಿನ ಹಾಗೆಯೇ ಬೆಳ್ಳಗಾಗಿತ್ತು. ಬಲಗಣ್ಣಿಗೂ ಮಬ್ಬು ಏರುತ್ತಿತ್ತು. ಸಂಜೆ ಮರುಬಿಸಿಲು ಬರುವ ಮೊದಲು ಕಿಟಕಿಗಳಿಗೆಲ್ಲ ಕರಿಕಂಬಳಿ ಹೊದಿಸಿ ಮೊಳೆ ಬಡಿಯುವಳು.

ಗಾಳಿಯಾಡದೆ ಮನೆ ಒಲೆಯಂತಾದಾಗ ಮಹಾನಂದಾ ಒಂದು ಸಲ ಬಾಯಿಬಿಟ್ಟಳು.

"ಅತ್ತೀ, ಒಂದು ಕಿಟಕಿರ ಬಿಡ್ರಿ. ಭಾಳ ಸೆಕಿ ಆಗ್ತೈತಿ."

"ಸೆಕಿ ಅಂದ್ರೇನು ಅಂತ ನನಗ ಹೇಳಾಕ ಬಂದಿಯೇನು?" ಬಾಳವ್ವ ಮೊಳೆಯನ್ನು ಇನ್ನೊಂದು ಏಟು ಬಡಿದಳು. "ಪೂಜಿ ಮಾಡಿ, ಕುಂಕುಮ ಹಚ್ಚಿ ಕಳಸ್ತೀಯಂತಲ್ಲ ಆ ತಗಡಿಗೆ. ನನ್ನ ಹಣೀಗಿಲ್ಲದ್ದು ನಿನ್ನ ತಗಡಿಗೈತಿ. ಅದ ಬಂದು ನನ್ನ ಕಣ್ಣು ತಿಂತು."

ಗಂಡ ಸತ್ತ ಹೆಂಗಸಿನ ಬಾಯಲ್ಲಿ ಆ ಮಾತು ಬಂದ ಮೇಲೆ ಮಹಾನಂದಾ ಸೆರಗಿನಿಂದ ಗಾಳಿ ಬೀಸಿಕೊಳ್ಳುತ್ತ ಒಲೆಯ ಕಡೆಗೆ ಹೋದಳು. ಯಮನೂರಪ್ಪ ತಟ್ಟೆಯಿಂದ ತಲೆ ಎತ್ತಲಿಲ್ಲ. ಅವನಿಗೆ ಅವ್ವನೂ ಬೇಕು, ಹೆಂಡತಿಯೂ ಬೇಕು, ಕ್ಯಾಂಪೂ ಬೇಕು. ಮೂರೂ ಬೇಕಾದವನು ಮನೆಯಲ್ಲಿ ಮಾತಾಡುವುದಿಲ್ಲ.

ಕುಂಕುಮದ ಮಾತು ನಿಜವೇ. ಮಹಾನಂದಾ ಕೆಲಸ ಮಾಡುತ್ತಿದ್ದದ್ದು ಅಚ್ಚಿನಮನೆಯ ಪಕ್ಕದ ಪರೀಕ್ಷೆಯ ಕೋಣೆಯಲ್ಲಿ. ಅಲ್ಲಿ ಕನ್ನಡಿಗಳನ್ನು ಒಂದೊಂದಾಗಿ ಉಜ್ಜಿ ಮಾಡುವುದಿಲ್ಲ. ಹಾಗೆ ಉಜ್ಜುತ್ತ ಕೂತರೆ ಒಬ್ಬೊಬ್ಬರ ಜನ್ಮಕ್ಕೆ ನಾಲ್ಕಾರು ಕನ್ನಡಿ ಆದಾವು. ಉಜ್ಜಿದ್ದು ಒಂದನ್ನೇ. ಗಾಡಿಯ ಗಾಲಿಯಷ್ಟು ಅಗಲದ, ರೊಟ್ಟಿಯ ಹಂಚನ್ನು ಬೋರಲು ಹಾಕಿದಂತೆ ಮೆಲ್ಲಗೆ ಉಬ್ಬಿದ ಗಾಜು. ಅದು ತಾಯಚ್ಚು. ವರ್ಷಗಟ್ಟಲೆ ಉಜ್ಜಿ ಅದರ ಉಬ್ಬನ್ನು ಕೂದಲೆಳೆಯ ಸಾವಿರದ ಪಾಲಿನಷ್ಟೂ ತಪ್ಪದ ಹಾಗೆ ತಿದ್ದಿದ್ದರು. ಅಂಟಿಕೊಳ್ಳದಿರಲೆಂದು ಅದರ ಮೇಲೆ ಉಸಿರಿನಷ್ಟು ತೆಳ್ಳಗೆ ಚಿನ್ನ ಕೂರಿಸುತ್ತಾರೆ. ನಿಕಲ್ ಕರಗಿದ ನೀರಿನ ತೊಟ್ಟಿಯಲ್ಲಿ ಮುಳುಗಿಸಿ ಕರೆಂಟು ಬಿಡುತ್ತಾರೆ. ಹಾಲಿನ ಮೇಲೆ ಕೆನೆ ಕಟ್ಟಿದಂತೆ ನಿಕಲ್ ಬಂದು ತಾಯಿಯ ಮೈಮೇಲೆ ಪದರ ಕಟ್ಟುತ್ತದೆ. ಆಮೇಲೆ ತಣ್ಣಗೆ ಮಾಡಿದರೆ ಗಾಜು ಕುಗ್ಗುವುದು ಒಂದು ಲೆಕ್ಕ, ಲೋಹ ಕುಗ್ಗುವುದು ಇನ್ನೊಂದು ಲೆಕ್ಕ. ಆ ಜಗ್ಗಾಟದಲ್ಲಿ ಪದರ ಟಣ್ಣೆಂದು ಬಿಟ್ಟುಕೊಳ್ಳುತ್ತದೆ. ಉಬ್ಬಿನ ಮೇಲೆ ತಗ್ಗು ಹುಟ್ಟುತ್ತದೆ. ತಾಯಿಯ ಮೈ ಹೇಗೋ ಮಗುವಿನ ಮೈ ಹಾಗೆ, ಚಿನ್ನದ ಪೊರೆ ಸಮೇತ. ಮೇಲಿನ ದೂಳಿಗೆ ಈ ತೆಳು ಕನ್ನಡಿಗಳು ಬಹಳ ದಿನ ಬಾಳುವುದಿಲ್ಲ. ಒಂದು ಮಳೆಗಾಲದಿಂದ ಇನ್ನೊಂದು ಮಳೆಗಾಲಕ್ಕೆ ಹಳೆಯವು ಹೋಗಿ ಹೊಸವು ಏರುತ್ತಲೇ ಇರಬೇಕು. ಹಾಗಾಗಿ ತಾಯಚ್ಚಿಗೆ ಹೆರಿಗೆ ತಪ್ಪಿದ ದಿನವಿರಲಿಲ್ಲ.

ಹಿಡಿದು ಎತ್ತಲೆಂದು ಪದರದ ಅಂಚಿನಲ್ಲಿ, ಯಾವಾಗಲೂ ಒಂದೇ ಜಾಗದಲ್ಲಿ, ಒಂದು ಕಿವಿ ಬಿಟ್ಟಿರುತ್ತಿದ್ದರು. ಎತ್ತಿದ ಮೇಲೆ ಅದನ್ನು ಕತ್ತರಿಸುವರು. ಕತ್ತರಿಸಿದ ಜಾಗ ಬ್ಲೇಡಿನಂತೆ ಕೊಯ್ಯುತ್ತಿತ್ತು.

ಮಹಾನಂದಾಳ ಕೆಲಸ ಸುಲಭವಾಗಿ ಹೇಳಬಹುದಾದದ್ದು. ಕತ್ತಲೆ ಕೋಣೆಯಲ್ಲಿ ಕನ್ನಡಿಯನ್ನು ನಿಲ್ಲಿಸಿ, ಅದಕ್ಕೆ ದೀಪ ತೋರಿಸಿ, ದೂರದ ಸುಣ್ಣದ ಗೋಡೆಯ ಮೇಲೆ ಬೆಳಕು ಹೇಗೆ ಬೀಳುತ್ತದೆಂದು ನೋಡುವುದು. ಬೆಳಕು ರೊಟ್ಟಿಯಂತೆ ದುಂಡಗೆ ಬೀಳಬೇಕು. ಬೀಳುತ್ತಿತ್ತು. ರೊಟ್ಟಿಯ ಪಕ್ಕದಲ್ಲಿ, ಕಿವಿಯಿದ್ದ ಕಡೆಗೆ, ಒಡೆದ ಬಳೆಚೂರಿನಂತೆ ಒಂದು ಮಂಕು ಬೆಳಕೂ ಬೀಳುತ್ತಿತ್ತು. ಮೊಟ್ಟಮೊದಲ ಪದರ ತಾಯಚ್ಚನ್ನು ಬಿಡದೆ ಹಟ ಮಾಡಿದಾಗ ಯಾರೋ ಅಲ್ಲಿ ಮೀಟಿದ್ದರಂತೆ. ತಾಯಿಯ ಅಂಚು ಕಣ್ಣಿಗೆ ಕಾಣದಷ್ಟು ಸವೆಯಿತು. ಅಲ್ಲಿಂದ ಹುಟ್ಟಿದ ಮಕ್ಕಳಿಗೆಲ್ಲ ಅದೇ ಜಾಗದಲ್ಲಿ ಅದೇ ಮಚ್ಚೆ. ಅದನ್ನು ಎಂಜಲು ಬೆಳಕು ಎನ್ನುತ್ತಿದ್ದರು. ಇಷ್ಟು ಎಂಜಲು ಇದ್ದರೆ ನಡೆಯುತ್ತದೆ ಎಂದು ನಕ್ಷೆಯಲ್ಲೇ ಬರೆದಿತ್ತು. ಒಂದು ಕನ್ನಡಿಯ ಎಂಜಲು ಮಿಂಚುಹುಳಕ್ಕಿಂತ ಹೆಚ್ಚಲ್ಲ.

ಪರೀಕ್ಷೆಯಲ್ಲಿ ಗೆದ್ದ ಕನ್ನಡಿಯ ಬೆನ್ನಿಗೆ, ಕಿವಿ ಕತ್ತರಿಸಿದ ಗಾಯದ ಪಕ್ಕದಲ್ಲೇ, ಮಹಾನಂದಾ ಬೆರಳಿನಿಂದ ಕುಂಕುಮ ಇಡುತ್ತಿದ್ದಳು. ಒಂದು ಆಯುಧಪೂಜೆಯ ದಿನ ಇಟ್ಟದ್ದು, ಹಾಗೇ ಪದ್ಧತಿಯಾಗಿ ಉಳಿಯಿತು. ಇಲ್ಲಿ ಹಿಡಿಯಬೇಡಿ, ಕೈ ಕೊಯ್ದೀತು ಎಂಬ ಎಚ್ಚರಿಕೆಯೂ ಆಯಿತು, ಹೋಗಿ ಬಾ ಮಗಳೇ ಎಂಬ ಹರಕೆಯೂ ಆಯಿತು. ಕುಂಕುಮವಿಲ್ಲದ ಕನ್ನಡಿಯನ್ನು ಚೌಕಟ್ಟಿಗೆ ಕೂರಿಸುವ ಗುಂಪಿನವರು ಮುಟ್ಟುತ್ತಿರಲಿಲ್ಲ. ಆ ಗುಂಪಿನ ಮುಂದಾಳು ಯಮನೂರಪ್ಪನೇ.

ಮಹಾಲಯ ಅಮಾವಾಸ್ಯೆಗೆ ಬಾಳವ್ವ ಹಟ್ಟಿಗೆ ಹೋಗಬೇಕೆಂದಳು. ಹಟ್ಟಿಯ ದೇವರ ಕಲ್ಲಿಗೆ ಎಣ್ಣೆ ಹಾಕದೆ ಅವಳ ಅಮಾವಾಸ್ಯೆ ಕಳೆದದ್ದಿಲ್ಲ. ಯಮನೂರಪ್ಪನಿಗೆ ಆ ದಿನ ಬಿಡುವಿಲ್ಲ. ಮಬ್ಬುಗಣ್ಣಿನ ಮುದುಕಿಯನ್ನು ಒಬ್ಬಳೇ ಕಳಿಸುವುದು ಹೇಗೆ? ಮಹಾನಂದಾ ಜೊತೆಗೆ ಹೊರಟಳು. ಬಾಳವ್ವ ಬೇಡ ಎನ್ನಲಿಲ್ಲ, ಬಾ ಎಂದೂ ಅನ್ನಲಿಲ್ಲ. ದಾರಿಯುದ್ದಕ್ಕೂ ಕೋಲು ಊರುತ್ತ ಮುಂದೆ ನಡೆದಳು. ಸೊಸೆ ಕೈ ಹಿಡಿಯಲು ಹೋದರೆ ಕೋಲನ್ನು ಆ ಕೈಗೆ ಬದಲಿಸಿಕೊಳ್ಳುವಳು.

ಎಣ್ಣೆ ಹಾಕಿ ಮರಳುವಾಗ ಗುಡ್ಡದ ನೆತ್ತಿಯ ಮೇಲೆ ಹೊತ್ತು ಮುಳುಗಿತು. ಸ್ವಲ್ಪ ಹೊತ್ತಿಗೆ ಮರುಬಿಸಿಲು ಇಳಿಯಿತು. ಬಾಳವ್ವ ಕಂಬಳಿಯನ್ನು ತಲೆಯ ಮೇಲೆ ಎಳೆದುಕೊಂಡು ಬಂಡೆಗೆ ಬೆನ್ನು ಕೊಟ್ಟು ಕುಕ್ಕರಿಸಿದಳು. ಮಹಾನಂದಾ ನಿಂತು ನೋಡಿದಳು. ತೆಂಕಲಿಗೆ ಹೊಲಗಳ ಮೇಲೆ ದುಂಡಗೆ ಬೆಳಕು ಬಿದ್ದಿತ್ತು. ಅದಾದ ಮೇಲೆ ಒಂದು ಪಟ್ಟಿ ಕತ್ತಲು. ಕತ್ತಲಿನ ಈಚೆ, ಸುಟ್ಟ ಹುಲ್ಲುಗಾವಲಿನ ಮೇಲೆ, ಖಾಲಿ ಹಟ್ಟಿಯ ಗೋಡೆಗಳ ಮೇಲೆ ಬಾಗಿದ ಒಂದು ಬೆಳಕಿನ ಚೂರು. ಎರಡು ತುದಿಗೂ ಸಣ್ಣಗೆ, ನಡುವೆ ದಪ್ಪ. ಒಣಗಿ ಬೂದಿಬಣ್ಣವಾದ ನೆಲವೂ ಅದೇ ಆಕಾರದ್ದು.

ರೊಟ್ಟಿ. ರೊಟ್ಟಿಯ ಪಕ್ಕದಲ್ಲಿ ಬಳೆಚೂರು. ದಿನಾ ಸುಣ್ಣದ ಗೋಡೆಯ ಮೇಲೆ ನೋಡುವುದನ್ನೇ ಅವಳು ಇಲ್ಲಿ ಮಣ್ಣಿನ ಮೇಲೆ ನೋಡುತ್ತಿದ್ದಳು.

"ಮನಿ ಸುಟ್ಟವರು ಬೂದಿ ನೋಡಾಕ ಬಂದಂಗ ನಿಂತೀಯಲ್ಲ," ಎಂದಳು ಕಂಬಳಿಯ ಒಳಗಿಂದ ಬಾಳವ್ವ. "ನಡಿ."

ಇಳಿಯುವಾಗ ಮಹಾನಂದಾಳ ತಲೆಯಲ್ಲಿ ಒಂದೇ ಯೋಚನೆ. ಕನ್ನಡಿ ದುಂಡಗಿದೆ. ದುಂಡಗಿನದಕ್ಕೆ ಮೇಲೆ ಯಾವುದು, ಕೆಳಗೆ ಯಾವುದು? ಒಂದರ ಮಚ್ಚೆ ಮೂಡಲಿಗೆ ಕೂತರೆ ಇನ್ನೊಂದರದು ಪಡುವಲಿಗೆ ಕೂರಬೇಕು. ಒಂದರ ಎಂಜಲು ಅತ್ತ, ಇನ್ನೊಂದರದು ಇತ್ತ ಬೀಳಬೇಕು. ಊರೂರಿಗೆ ಒಂದೊಂದು ಮಿಂಚುಹುಳ ಹಂಚಿದರೆ ಯಾರಿಗೇನು ನೋವು? ಅದಕ್ಕೇ ನಕ್ಷೆ ಬರೆದವರು ಅಷ್ಟು ಎಂಜಲು ಇರಲಿ ಎಂದದ್ದು. ಆದರೆ ಇಲ್ಲಿ ಚೂರುಗಳು ಚದುರಿಲ್ಲ. ಎಲ್ಲ ಚೂರೂ ಒಂದರ ಮೇಲೊಂದು ಅಟ್ಟಿ ಹಾಕಿದಂತೆ ಕೂತಿವೆ. ಹನಿಗೂಡಿದರೆ ಹಳ್ಳ, ತೆನೆಗೂಡಿದರೆ ಬಳ್ಳ ಅನ್ನುತ್ತಾರೆ. ಹುಳಗೂಡಿದರೆ ಸೂರ್ಯನೇ ಆಗುತ್ತಾನೆ. ಆದರೆ ಕೂಡಿಸಿದವರು ಯಾರು?

ಮನೆಗೆ ಬಂದು ಗಂಡನಿಗೆ ಬಡಿಸುತ್ತ ಕೇಳಿದಳು, ಚೌಕಟ್ಟಿಗೆ ಕನ್ನಡಿ ಹೇಗೆ ಕೂರಿಸುತ್ತೀರಿ ಎಂದು.

"ಹೆಂಗಂದ್ರ? ಕುಂಕುಮ ಮ್ಯಾಲ."

"ಎಲ್ಲಾನೂ?"

"ಕುಂಕುಮ ಕೆಳಗ ಮಾಡಿ ಯಾರರ ಕೂಡಸ್ತಾರೇನು? ಯಾವ ಮನ್ಯಾಗರ ದೇವರ ಫೋಟೋ ತಲೆಕೆಳಗ ತೂಗಹಾಕಿದ್ದು ನೋಡಿಯೇನು?"

ಮಹಾನಂದಾ ಕೈಲಿದ್ದ ಸೌಟನ್ನು ಕೆಳಗಿಟ್ಟಳು. ಗಾಯದ ಪಕ್ಕದಲ್ಲಿ ಕುಂಕುಮ, ಕುಂಕುಮ ಯಾವಾಗಲೂ ಮೇಲೆ. ಹಾಗಾದರೆ ಮಚ್ಚೆ ಯಾವಾಗಲೂ ಮೇಲೆ. ಚೌಕಟ್ಟಿನ ಮೇಲುಗಡೆ ಎಂದರೆ ಆಕಾಶದಲ್ಲಿ ಬಡಗಲು. ಯಾರ ನಕ್ಷೆಯಲ್ಲೂ ಇಲ್ಲದ ದಿಕ್ಕನ್ನು ತನ್ನ ಬೆರಳು, ಗಂಡನ ಭಕ್ತಿ ಎರಡೂ ಸೇರಿ ಮಾಡಿದ್ದವು. ಅದನ್ನೇ ಆದಷ್ಟು ಮೆಲ್ಲಗೆ ಗಂಡನಿಗೆ ಹೇಳಿದಳು. ಇನ್ನು ಮೇಲೆ ಒಂದೊಂದನ್ನು ಒಂದೊಂದು ಕಡೆಗೆ ಹೊರಳಿಸಿ ಕೂರಿಸಿರಿ, ನಿಮ್ಮವರಿಗೆ ನೀವು ಹೇಳಿದರೆ ಕೇಳುತ್ತಾರೆ ಎಂದಳು. ಯಮನೂರಪ್ಪ ರೊಟ್ಟಿಯನ್ನು ತಟ್ಟೆಗೆ ಬಿಟ್ಟ. ನನ್ನ ಗುಂಪಿನವರಲ್ಲಿ ಅರ್ಧ ಜನ ಹಟ್ಟಿಯವರೇ, ಅವರ ಕೈಯಿಂದಲೇ ಅವರ ಮನೆ ಸುಟ್ಟಿತೆಂದು ಯಾವ ಬಾಯಿಂದ ಹೇಳಲಿ ಎಂದ. ಆಮೇಲೆ, ಕುಂಕುಮ ಅಡ್ಡ ಮಾಡಿದ ದಿನ ಯಾರಾದರೂ ಎತ್ತರದಿಂದ ಬಿದ್ದರೆ ನನ್ನನ್ನು ಕೇಳುತ್ತಾರೆ, ನಿನ್ನನ್ನಲ್ಲ ಎಂದು ಎದ್ದು ಕೈ ತೊಳೆದ.

ಬಾಗಿಲ ಮರೆಯಲ್ಲಿ ಕೂತಿದ್ದ ಬಾಳವ್ವ ಎಲ್ಲವನ್ನೂ ಕೇಳಿಸಿಕೊಂಡಿದ್ದಳು.

"ನಾ ಇಕಿ ಒಬ್ಬಾಕಿದಽ ಕೈ ಅಂತ ತಿಳಿದಿದ್ದೆ," ಎಂದಳು. "ಗಂಡ ಹೆಂಡ್ತಿ ಕೂಡೇ ಸುಟ್ಟೀರಿ."

ಆ ರಾತ್ರಿಯಿಂದ ಅವಳು ಮಗನೊಡನೆಯೂ ಮಾತು ಬಿಟ್ಟಳು.

ಕನ್ನಡಿಗಳನ್ನು ಮೇಲೆ ನಡೆಸುವವರ ಕೋಣೆ ಕ್ಯಾಂಪಿನ ಆ ತುದಿಯಲ್ಲಿತ್ತು. ಗೋಡೆಯಗಲದ ಪರದೆಯ ಮೇಲೆ ಕನ್ನಡಿಗಳು ಸಾಸಿವೆ ಚೆಲ್ಲಿದಂತೆ ಕಾಣುತ್ತಿದ್ದವು. ಅಲ್ಲಿಯ ಹಿರಿಯರು ಇನಾಮದಾರ ಸಾಹೇಬರು. ತಗ್ಗಿದ ದನಿಯವರು, ಯಾರ ಮೇಲೂ ರೇಗಿದ್ದನ್ನು ಯಾರೂ ಕಂಡಿರಲಿಲ್ಲ. ಕುಂಕುಮದ ಸಂಗತಿಯಿಂದಲೇ ಶುರುಮಾಡಿ ಮಹಾನಂದಾ ತಾನು ಕಂಡದ್ದನ್ನು ಹೇಳತೊಡಗಿದಳು. ಅರ್ಧಕ್ಕೆ ಬರುವ ಮೊದಲೇ ಅವರು ಕೈಯೆತ್ತಿದರು.

"ಗೊತ್ತೈತ್ರಿ," ಎಂದರು. "ಲೆಕ್ಕ ಹಾಕಿ ನೋಡೀವಿ. ಮಚ್ಚಿ ಎಲ್ಲಾ ಒಂದ ಕಡೆ ಕೂತಾವ. ಯಾಕ ಕೂತಾವ ಅಂತ ಗೊತ್ತಿರಲಿಲ್ಲ. ಈಗ ನೀವ ಹೇಳಿದ್ರಿ."

"ಗೊತ್ತಿದ್ದೂ ಬಿಟ್ಟೀರೇನ್ರಿ?"

ಅವರು ವಿವರವಾಗಿ, ತಾಳ್ಮೆಯಿಂದ ಹೇಳಿದರು. ಅದೇ ಅವಳಿಗೆ ಹೆಚ್ಚು ಉರಿಯಿತು. ಮೇಲಿರುವ ಕನ್ನಡಿಯನ್ನು ಹೊರಳಿಸಬೇಕಾದರೆ ಅದರ ಹೊಟ್ಟೆಯ ಗ್ಯಾಸು ಖರ್ಚಾಗುತ್ತದೆ. ಆ ಗ್ಯಾಸೇ ಅದರ ಆಯುಷ್ಯ. ಎಲ್ಲವನ್ನೂ ಹೊರಳಿಸಿದರೆ ಸುಗ್ಗಿಯ ನಡುವೆ ಮರುಬಿಸಿಲು ನಿಲ್ಲುತ್ತದೆ, ಅಷ್ಟೂ ಊರುಗಳ ಪೈರು ಅರ್ಧಕ್ಕೆ ಕೂರುತ್ತದೆ. ಹಾಗಾದರೆ ಹೊಸದಾಗಿ ಏರುವುದನ್ನಾದರೂ ಬೇರೆ ಬೇರೆ ಕಡೆ ತಿರುಗಿಸಿ ಕೂರಿಸಲು ಅಪ್ಪಣೆ ಕೊಡಿ ಎಂದಳು. ಅದಕ್ಕೂ ಅವರು ತಲೆಯಾಡಿಸಿದರು. ಅಪ್ಪಣೆ ಕೊಟ್ಟ ದಿನ ಹಟ್ಟಿಯನ್ನು ನಾವೇ ಸುಟ್ಟೆವು ಎಂದು ಒಪ್ಪಿದ ಹಾಗೆ. ಆಮೇಲೆ ಒಂದು ಕುರಿ ಕುಂಟಿದರೂ, ಒಂದು ಹಸು ಕಂದು ಹಾಕಿದರೂ ಎಲ್ಲರೂ ಕ್ಯಾಂಪಿನ ಬಾಗಿಲಿಗೇ ಬರುತ್ತಾರೆ.

"ನಕ್ಷಿಯೊಳಗ ಮ್ಯಾಲ ಕೆಳಗ ಅನ್ನೂದಽ ಇಲ್ರಿ, ಮಹಾನಂದಾ. ಇಲ್ಲದ್ದನ್ನ ನಾ ಹೆಂಗ ಬದಲಿ ಮಾಡ್ಲಿ?"

ಅವಳು ಹೊರಗೆ ಬಂದಾಗ ಅಂಗಳದಲ್ಲಿ ಹೊಸ ಕನ್ನಡಿಗಳನ್ನು ಚೌಕಟ್ಟಿಗೆ ಕೂರಿಸುತ್ತಿದ್ದರು. ಸಾಲಾಗಿ ನಿಂತ ಬೆನ್ನುಗಳು. ಸಾಲಾಗಿ, ಒಂದೇ ಎತ್ತರದಲ್ಲಿ, ಮುತ್ತೈದೆಯರ ಹಣೆಯಂತೆ ಕುಂಕುಮದ ಬೊಟ್ಟುಗಳು. ನೋಡಲು ಚೆಂದವಾಗಿತ್ತು. ಅವಳು ಮತ್ತೆ ಅತ್ತ ನೋಡದೆ ದಾಟಿ ನಡೆದಳು.

ಮರುದಿನ ಪರೀಕ್ಷೆಯ ಕೋಣೆಯಲ್ಲಿ ಮೊದಲ ಕನ್ನಡಿ ಗೆದ್ದಿತು. ಗೋಡೆಯ ಮೇಲೆ ರೊಟ್ಟಿ, ಪಕ್ಕದಲ್ಲಿ ಬಳೆಚೂರು. ಮಹಾನಂದಾ ಅದನ್ನು ಬೋರಲು ಮಲಗಿಸಿ ಬೆರಳಿಗೆ ಕುಂಕುಮ ಮೆತ್ತಿಕೊಂಡಳು. ಬೆರಳು ಅಭ್ಯಾಸದ ಜಾಗಕ್ಕೇ ಹೋಯಿತು. ಅದನ್ನು ಅಲ್ಲಿಂದ ಎತ್ತಿ ಎದುರಿನ ಅಂಚಿಗೆ ಒತ್ತಿದಳು. ಎರಡನೆಯದಕ್ಕೆ ಬಲಕ್ಕೆ. ಮೂರನೆಯದಕ್ಕೆ ಎಡಕ್ಕೆ, ಸ್ವಲ್ಪ ಕೆಳಗೆ. ಆಮೇಲೆ ಕಣ್ಣು ಮುಚ್ಚಿ ಕನ್ನಡಿಯನ್ನು ಒಂದು ಸುತ್ತು ತಿರುಗಿಸುವಳು, ಎಲ್ಲಿ ನಿಂತಿತೋ ಅಲ್ಲಿ ಇಡುವಳು. ಯಾರ ಅಪ್ಪಣೆಯೂ ಬೇಕಾಗಲಿಲ್ಲ. ಕುಂಕುಮ ಎಲ್ಲಿದೆಯೋ ಅದೇ ಮೇಲು ಎಂದು ಗುಂಪಿನವರು ಹಟದಿಂದ ಕೂರಿಸುತ್ತಾರೆ, ಮಚ್ಚೆ ಎಲ್ಲಿಗಾದರೂ ಹೋಗಲಿ. ಹಟ್ಟಿಯನ್ನು ಸುಟ್ಟ ಭಕ್ತಿಯೇ ಹಟ್ಟಿಯನ್ನು ಕಾಯಲಿ ಎಂದುಕೊಂಡಳು.

ಒಂದು ಮಾತ್ರ ಅವಳನ್ನು ಕೊರೆಯುತ್ತಿತ್ತು. ಕಿವಿಯ ಗಾಯಕ್ಕೆ ಈಗ ಗುರುತಿಲ್ಲ. ಅರ ಹಾಕಿ ಮೊಂಡು ಮಾಡೋಣವೆಂದರೆ ಆ ಕೋಣೆಯಲ್ಲಿ ಲೋಹದ ಪುಡಿ ಹಾರಿದರೆ ಕನ್ನಡಿಯೇ ಕೆಟ್ಟೀತು. ಕೂರಿಸುವವರು ತೆಳ್ಳನೆಯ ಬಟ್ಟೆಯ ಕೈಗವಸು ಹಾಕುತ್ತಾರೆ, ಅದು ಕೊಯ್ತ ತಡೆಯುವಂಥದ್ದಲ್ಲ. ಯಾರದೋ ಕೈ ಕೊಯ್ಯುತ್ತದೆ ಎಂದು ಗೊತ್ತಿತ್ತು. ಗೊತ್ತಿದ್ದೂ ಇಟ್ಟಳು. ಇನಾಮದಾರರನ್ನು ತಾನು ಕೇಳಿದ ಮಾತು ಆಗ ಅವಳಿಗೆ ನೆನಪಾಗದೆ ಇರಲಿಲ್ಲ.

ಮೊದಲು ಯಾರದೋ ಬೆರಳ ತುದಿ ಸೀಳಿತು. ಆಮೇಲೆ ಇನ್ನೊಬ್ಬರದು. ಅಚ್ಚಿನಮನೆಯವರು ಕಿವಿಯನ್ನು ಎಲ್ಲೆಲ್ಲೋ ಬಿಡುತ್ತಿದ್ದಾರೆ ಎಂದು ಗುಂಪಿನವರು ಬೈದಾಡಿದರು. ಮಹಾನಂದಾ ಬೈಗಳನ್ನು ಕೇಳಿಸಿಕೊಂಡು ಮತ್ತೆ ಕಣ್ಣು ಮುಚ್ಚಿ ಕನ್ನಡಿ ತಿರುಗಿಸಿದಳು. ಯುಗಾದಿ ಹತ್ತಿರ ಬಂದಾಗ ಒಂದು ಸಂಜೆ ಯಮನೂರಪ್ಪ ಅಂಗೈಗೆ ಬಟ್ಟೆ ಸುತ್ತಿಕೊಂಡು ಮನೆಗೆ ಬಂದ. ಬಟ್ಟೆಯಿಂದ ರಕ್ತ ಒಸರುತ್ತಿತ್ತು. ಹೆಬ್ಬೆರಳಿನ ಬುಡದಿಂದ ಕಿರುಬೆರಳಿನವರೆಗೆ ಕೊಯ್ದಿತ್ತು.

"ಕುಂಕುಮ ಇದ್ದ ಕಡೆ ಬಿಟ್ಟು ಈ ಕಡೆ ಹಿಡದೆ," ಎಂದ. "ಗಾಯ ಈ ಕಡೆ ಇತ್ತು. ಬೇಕಂತ ಮಾಡಿದಿ ಹೌದಿಲ್ಲೋ?"

"ಹೂಂ."

"ನನಗೂ ಹೇಳಲಿಲ್ಲ."

"ಹೇಳಿದ್ನಲ್ರಿ. ಅವತ್ತ ಹೇಳಿದ್ದೆ."

ಅವನು ಕೈಯೆತ್ತಿದ. ಹೊಡೆಯುತ್ತಾನೆಂದು ಅವಳು ತಿಳಿದಳು. ಆದರೆ ಆ ಕೈಯಿಂದ ರಕ್ತ ತೊಟ್ಟಿಕ್ಕುತ್ತಿತ್ತು. ಅವನು ಅದನ್ನು ನೋಡಿ ಇಳಿಸಿದ. ಬಾಳವ್ವ ಹಿತ್ತಲಿನಿಂದ ತಡವರಿಸುತ್ತ ಬಂದು, ಮಾತು ಬಿಟ್ಟಿದ್ದ ಮಗನ ಅಂಗೈಯನ್ನು ಹುಡುಕಿ ಹಿಡಿದು, ಅರಿಸಿನ ಒತ್ತಿ, ತನ್ನ ಸೀರೆಯ ಸೆರಗು ಹರಿದು ಕಟ್ಟಿದಳು. ಕಟ್ಟುತ್ತಲೇ ಸೊಸೆಗೆ ಕೇಳಲೆಂದು ಹೇಳಿದಳು:

"ಅತ್ತಿ ಕಣ್ಣಾತು. ಗಂಡನ ಕೈ ಆತು. ಇನ್ನ ಯಾರದು ಉಳದೈತಿ?"

ನಿನ್ನ ಹಟ್ಟಿಗಾಗಿಯೇ ಮಾಡಿದೆ ಎಂಬ ಮಾತು ಮಹಾನಂದಾಳ ನಾಲಿಗೆಯ ತುದಿಗೆ ಬಂತು. ನುಂಗಿದಳು. ಹೇಳಿದ್ದರೂ ಅವಳು ನಂಬುತ್ತಿರಲಿಲ್ಲ. ನಂಬಿದ್ದರೆ ಇನ್ನೂ ಕೆಟ್ಟದ್ದು, ಮಗನ ರಕ್ತದ ಋಣ ತನ್ನ ತಲೆಗೆ ಬಂತೆಂದು ಹಟ್ಟಿಯನ್ನೇ ಬೇಡವೆನ್ನುತ್ತಿದ್ದಳು.

ಯಮನೂರಪ್ಪ ಯಾರಿಗೂ ಹೇಳಲಿಲ್ಲ. ಆದರೆ ಗುಂಪಿನವರಿಗೆ ಕಣ್ಣಿತ್ತು. ಅವರು ಸೀದಾ ಇನಾಮದಾರರ ಹತ್ತಿರ ಹೋಗಿ, ಪರೀಕ್ಷೆಯ ಹೆಂಗಸು ಕುಂಕುಮವನ್ನು ಮನಸ್ಸಿಗೆ ಬಂದಲ್ಲಿ ಇಟ್ಟು ನಮ್ಮ ಕೈ ಕೊಯ್ಸುತ್ತಿದ್ದಾಳೆ ಎಂದರು. ಸಾಹೇಬರು ಅಂಗಳಕ್ಕೆ ಬಂದರು. ಎಲ್ಲರ ಎದುರಿಗೇ ಮಹಾನಂದಾಳನ್ನು ಪರೀಕ್ಷೆಯ ಕೋಣೆಯಿಂದ ತೆಗೆದು ತೊಟ್ಟಿ ತೊಳೆಯುವ ಶೆಡ್ಡಿಗೆ ಹಾಕಿದರು. ಕಿವಿಯ ಗಾಯವನ್ನು ಬೇರೊಂದು ಕೋಣೆಯಲ್ಲಿ ಅರ ಹಾಕಿ ನುಣ್ಣಗೆ ಮಾಡಿ ಕಳಿಸಬೇಕು, ಇನ್ನು ಮೇಲೆ ಯಾವ ಕನ್ನಡಿಗೂ ಯಾರೂ ಕುಂಕುಮ ಹಚ್ಚಕೂಡದು ಎಂದರು.

ಕುಂಕುಮವಿಲ್ಲದೆ ಮೇಲು ಯಾವುದೆಂದು ಹೇಗೆ ತಿಳಿಯಬೇಕು ಎಂದು ಕೇಳಿದವನು ಯಮನೂರಪ್ಪನೇ. ಕಟ್ಟು ಹಾಕಿದ ಕೈಯನ್ನು ಎದೆಗೆ ಹಿಡಿದು ನಿಂತಿದ್ದ.

"ನಕ್ಷಿ ನೋಡ್ರಿ," ಎಂದರು ಇನಾಮದಾರರು. "ಮ್ಯಾಲ ಇಲ್ಲ, ಕೆಳಗ ಇಲ್ಲ. ಕೈಗೆ ಹೆಂಗ ಬರ್ತೈತಿ ಹಂಗ ಕೂಡಸ್ರಿ."

ಹೇಳುವಾಗ ಅವರು ಮಹಾನಂದಾಳ ಕಡೆ ನೋಡಲಿಲ್ಲ. ಅವಳು ಅವರ ಕಡೆ ನೋಡಿದಳು. ತಾನು ಕೇಳಿದ್ದನ್ನೇ ಅವರು ಕೊಟ್ಟಿದ್ದರು. ಕೊಟ್ಟೆ ಎಂದು ಯಾರಿಗೂ ತಿಳಿಯದ ಹಾಗೆ, ಅವಳಿಗೆ ಶಿಕ್ಷೆ ಎನ್ನಿಸುವ ಹಾಗೆ, ತಮ್ಮ ಮೇಲೆ ಒಂದು ಮಾತೂ ಬಾರದ ಹಾಗೆ ಕೊಟ್ಟಿದ್ದರು. ಆ ಮನುಷ್ಯನಿಗೆ ಕೈ ಮುಗಿಯಬೇಕೋ ಉಗಿಯಬೇಕೋ ಅವಳಿಗೆ ಕಡೆಯವರೆಗೂ ತೀರ್ಮಾನವಾಗಲಿಲ್ಲ.

ತೊಟ್ಟಿ ತೊಳೆಯುವ ಕೆಲಸ ಕೈಯ ಚರ್ಮ ತಿನ್ನುವಂಥದ್ದು. ನಿಕಲ್ಲಿನ ನೀರಿಗೆ ಉಗುರು ಹಸಿರಾಗುತ್ತದೆ, ಮೈಯೆಲ್ಲ ಕೆರೆತ. ಅದಕ್ಕಿಂತ ಕ್ಯಾಂಪಿನ ಹೆಂಗಸರು ಬೀದಿ ನಲ್ಲಿಯ ಹತ್ತಿರ ಕೊಡ ಸರಿಸಿ ನಿಲ್ಲುವುದೇ ಹೆಚ್ಚು ಕೆರೆಯಿತು. ಇವಳಿಂದಾಗಿ ನಮ್ಮ ಕನ್ನಡಿಗಳು ಬೋಳುಹಣೆಯಲ್ಲಿ ಮೇಲೆ ಹೋಗುತ್ತಿವೆ ಎಂಬುದು ಅವರ ಸಿಟ್ಟು. ಯಾರಿಗೋ ಮಗು ದಕ್ಕಲಿಲ್ಲ, ಅದೂ ಇವಳ ಲೆಕ್ಕಕ್ಕೆ ಬಂತು. ಯಮನೂರಪ್ಪನ ಗಾಯ ಮಾಯಿತು, ಕಿರುಬೆರಳು ಮಾತ್ರ ಮಡಚಲಿಲ್ಲ. ಅವನು ಮನೆಗೆ ಬರುತ್ತಿದ್ದ, ಉಣ್ಣುತ್ತಿದ್ದ, ಮಲಗುತ್ತಿದ್ದ.

ಮಳೆಗಾಲ ಬಂದು ಹೋಯಿತು. ಮೇಲೆ ಹಳೆಯ ಕನ್ನಡಿಗಳು ಒಂದೊಂದಾಗಿ ಕುರುಡಾಗಿ ಉದುರಿದವು. ಬೋಳುಹಣೆಯ ಹೊಸ ಕನ್ನಡಿಗಳು ಏರಿದವು, ಒಂದರ ಮಚ್ಚೆ ಮೂಡಲಿಗೆ, ಒಂದರದು ಪಡುವಲಿಗೆ, ಒಂದರದು ಎಲ್ಲಿಗೋ. ಹಟ್ಟಿಯ ಮೇಲಿನ ಬಳೆಚೂರು ಮಧ್ಯಾಹ್ನದಿಂದ ಎಳೆಬಿಸಿಲಿಗೆ ಇಳಿಯಿತು. ಮಹಾನಂದಾ ಬಿಡುವಾದಾಗ ಒಬ್ಬಳೇ ಗುಡ್ಡ ಹತ್ತಿ ನೋಡಿ ಬರುತ್ತಿದ್ದಳು. ಇನ್ನೊಂದು ಮಳೆಗಾಲ ಕಳೆಯಿತು. ಬೇಲಿಯ ತಂತಿಯ ಸುರುಳಿಗಳನ್ನು ತಂದು ಗುಡ್ಡದ ಬುಡದಲ್ಲಿ ಇಳಿಸಿದ್ದರು. ಅಳೆಯುವ ಯಂತ್ರ ಹಿಡಿದು ಬಂದವರು ಹಟ್ಟಿಯ ನಡುವೆ ನಿಂತು, ಅಳೆದು, ಮತ್ತೆ ಅಳೆದು, ಸುರುಳಿಗಳನ್ನು ಲಾರಿಗೆ ಹೇರಿಕೊಂಡು ಹೋದರು. ಆಕಾಶ ತಾನಾಗಿಯೇ ಸರಿಹೋಯಿತು ಎಂದು ಕ್ಯಾಂಪಿನಲ್ಲಿ ಹೇಳಿಕೊಂಡರು. ಹಟ್ಟಿಯ ದೇವರ ಕಲ್ಲಿಗೆ ಬಾಳವ್ವ ಎಣ್ಣೆ ತಪ್ಪಿಸದಿದ್ದದ್ದು ಫಲ ಕೊಟ್ಟಿತು ಎಂದು ಶೆಡ್ಡುಗಳಲ್ಲಿ ಹೇಳಿಕೊಂಡರು.

ಬಾಳವ್ವ ಯಾರಿಗೂ ಕಾಯಲಿಲ್ಲ. ಕಿಟಕಿಗಳ ಮೊಳೆ ಕಿತ್ತು, ಕಂಬಳಿ ಮಡಚಿ, ಕೊಡ ಹೊತ್ತು ಹೊರಟಳು. ಈಗ ಅವಳ ಎರಡು ಕಣ್ಣೂ ಬಿಳಿ. ಮಗ ಬಿಟ್ಟು ಬಂದ. ಸೊಸೆಗೆ ಹೋಗಿ ಬರುತ್ತೇನೆ ಎಂದು ಅವಳು ಹೇಳಲಿಲ್ಲ.

ಸ್ವಲ್ಪ ದಿನ ಬಿಟ್ಟು ಮಹಾನಂದಾ ಹಟ್ಟಿಗೆ ಹೋದಳು. ಯಾರೂ ಕರೆದಿರಲಿಲ್ಲ. ಹೊತ್ತು ಮುಳುಗುತ್ತಿತ್ತು. ಎರಡು ಮೂರು ಮನೆಗಳಲ್ಲಿ ಹೊಗೆ ಏಳುತ್ತಿತ್ತು. ಸುಟ್ಟ ನೆಲದಲ್ಲಿ ಕರಿಕೆ ಹುಲ್ಲು ಅಲ್ಲೊಂದು ಇಲ್ಲೊಂದು ತಲೆ ಹಾಕಿತ್ತು. ಬಾಳವ್ವ ಮನೆಯ ಮುಂದಿನ ಬಂಡೆಯ ಮೇಲೆ, ತಲೆಗೆ ಕಂಬಳಿಯಿಲ್ಲದೆ, ಮುಖವನ್ನು ಆಕಾಶಕ್ಕೆ ಎತ್ತಿ ಕೂತಿದ್ದಳು. ಮರುಬಿಸಿಲಿನ ಹೊತ್ತನ್ನು ಅವಳು ಈಗ ಕೆನ್ನೆಯಿಂದ ನೋಡುತ್ತಿದ್ದಳು.

"ಯಾರು?" ಎಂದಳು ಹೆಜ್ಜೆಯ ಸಪ್ಪಳಕ್ಕೆ.

"ನಾನ್ರಿ ಅತ್ತೀ."

ಮುದುಕಿ ಮುಖ ತಿರುಗಿಸಲಿಲ್ಲ. ಮಹಾನಂದಾ ಬಂಡೆಯ ಬುಡದಲ್ಲಿ ಕೂತಳು. ತೆಂಕಲಿಗೆ, ಗುಡ್ಡದ ಆಚೆ, ಹೊಲಗಳ ಮೇಲೆ ಮರುಬಿಸಿಲು ಇಳಿದದ್ದು ಆಕಾಶದ ಅಂಚಿನಲ್ಲಿ ಕಂಡಿತು. ಇಲ್ಲಿ ಕತ್ತಲಾಯಿತು. ಬರೀ ಕತ್ತಲು, ನಕ್ಷತ್ರ ಕಾಣುವಂಥದ್ದು. ಬಾಳವ್ವ ಬಹಳ ಹೊತ್ತು ಕೆನ್ನೆಯನ್ನು ಆ ಕಡೆಗೊಮ್ಮೆ ಈ ಕಡೆಗೊಮ್ಮೆ ತಿರುಗಿಸಿ ಕಾದಳು. ಬಿಸಿ ಬರಲಿಲ್ಲ.

"ಇವತ್ತೂ ಬರಲಿಲ್ಲ," ಎಂದಳು ಕಡೆಗೆ, ತನಗೆ ತಾನೇ.

ಆಮೇಲೆ ಕೋಲನ್ನು ತಡಕಿ ಎದ್ದಳು. ಸೊಸೆ ಹಿಡಿಯಲು ಹೋಗಲಿಲ್ಲ. ಹೊಸ್ತಿಲ ತನಕ ಹೋದವಳು ಅಲ್ಲೇ ನಿಂತಳು.

"ಕೈಯೆಲ್ಲ ಹುಣ್ಣಾಗೇತಂತ ನಿನಗ. ಅಂವ ಹೇಳಿದ."

"ಹೂಂ ರಿ. ತೊಟ್ಟಿ ನೀರು."

"ಆಗ್ಲಿ." ಬಾಳವ್ವನ ದನಿಯಲ್ಲಿ ಸಿಟ್ಟೇನೂ ಇಳಿದಿರಲಿಲ್ಲ. "ಕಣ್ಣು ಹೋದದ್ದು ಹೋತು. ಅದಕ್ಕ ನಾ ಸಾಯೂತನ ನಿನ್ನ ಬಿಡಂಗಿಲ್ಲ, ತಿಳೀತಿಲ್ಲೋ?"

"ತಿಳೀತ್ರಿ."

ಮುದುಕಿ ಒಳಗೆ ಹೋದಳು. ಮಹಾನಂದಾ ಎದ್ದು ಸೀರೆಯ ದೂಳು ಕೊಡವಿಕೊಂಡಳು. ಕತ್ತಲಲ್ಲಿ ದಾರಿ ಉದ್ದವಿತ್ತು. ಆಗ ಒಳಗಿನಿಂದ ಮತ್ತೆ ದನಿ ಬಂತು, ಬಾಗಿಲ ಕಡೆಗಲ್ಲ, ಗೋಡೆಯ ಕಡೆಗೆ ಹೇಳಿದ ಹಾಗೆ.

"ಕೊಡದಾಗ ನೀರೈತಿ. ನಾ ಕೊಡಂಗಿಲ್ಲ. ಬೇಕಂದ್ರ ನೀನಽ ತಗೊಂಡು ಕುಡಿ."

ಮಹಾನಂದಾ ಹೊಸ್ತಿಲು ದಾಟಿದಳು. ಕತ್ತಲಲ್ಲಿ ಕೊಡವನ್ನು ತಡಕಿ, ಹಸಿರುಗಟ್ಟಿದ ಉಗುರುಗಳ ಕೈಯಿಂದ ಅದನ್ನು ಬಗ್ಗಿಸಿಕೊಂಡಳು. ನೀರು ತಣ್ಣಗಿತ್ತು.